ರದ್ದಿಯ ಸಾಕ್ಷಿ

ಶನಿವಾರ ಸಂಜೆ ಅರ್ಧ ಶಟರ್ ಇಳಿಸಿ
ನಾನು ಮೊದಲು ಹುಡುಕುವುದು ಬೆಂಕಿಕಡ್ಡಿ.
ದೀಪಕ್ಕಲ್ಲ.
ಮಡಿಚುವ ಚಾಕುವಿನ ಸೀಳಿನೊಳಗೆ
ವಾರದ ಕಾಗದದ ಹೊಟ್ಟು, ಒಣಗಿದ ಮೈದಾ ಅಂಟು,
ಬೈಂಡಿಂಗ್ ಬಟ್ಟೆಯ ಒಂದು ಕೆಂಪು ಎಳೆ.
ಕಡ್ಡಿಯ ತುದಿ ಚೂಪು ಮಾಡಿ ಕೆದಕಬೇಕು
ಮಗುವಿನ ಕಿವಿ ಅಂದುಕೊಂಡು.

ಹೊರಗೆ ಬುಧವಾರ ಪೇಠೆ, ಆಷಾಢ.
ಪುಣೆಯ ಮಳೆ ಸುರಿಯುವುದಿಲ್ಲ, ಬಂದು ಕೂರುತ್ತದೆ:
ಗೋಡೆಯ ಮೇಲೆ, ರಟ್ಟಿನ ಮೇಲೆ, ಉಕ್ಕಿನ ಮೇಲೆ.
ಸೋಮವಾರ ಒರೆಸದೆ ಬಿಟ್ಟ ಅಲಗಿಗೆ
ಗುರುವಾರ ಚಹಾ ಬಣ್ಣದ ಮಚ್ಚೆ.

ಎಣ್ಣೆ ಹೊಲಿಗೆ ಮಷೀನಿನದೇ ಆಗಬೇಕು.
ಬಂದ ಹೊಸದರಲ್ಲಿ ಕುಸುಬಿ ಎಣ್ಣೆ ಹಚ್ಚಿದ್ದೆ.
ನಮ್ಮೂರು ಅಕ್ಕಲಕೋಟೆಯ ಆಚೆ;
ತಲೆಗೆ, ಬಾಗಿಲ ತಿರುಗಣಿಗೆ, ಅಜ್ಜನ ಮಂಡಿಗೆ
ಎಲ್ಲಕ್ಕೂ ಅದೇ.
ಹದಿನೈದು ದಿನಕ್ಕೆ ಚಾಕು
ಬೆಲ್ಲದ ಪಾಕ ಕುಡಿದಂತೆ ಕಚ್ಚಿಕೊಂಡಿತು.
ದಾಮುಅಣ್ಣಾ ಖಳದ್ಕರ್ ಬೈಯಲಿಲ್ಲ.
ಸೀಮೆಎಣ್ಣೆಯ ಬಟ್ಟಲಲ್ಲಿ ರಾತ್ರಿಯಿಡೀ ನೆನೆಹಾಕಿ
ಬೆಳಿಗ್ಗೆ ಅಂದರು:
'ತಿನ್ನೋ ಎಣ್ಣೆ ತಿನ್ನೋರಿಗೆ, ನೀಲಾ.'

ಕೀಲಿಗೆ ಒಂದು ಹನಿ. ಎರಡಲ್ಲ.
ತೆರೆ, ಮುಚ್ಚು, ತೆರೆ, ಮುಚ್ಚು,
ಕಟಕ್ ಅನ್ನುವುದು ಟಕ್ ಆಗುವತನಕ.
ಬಟ್ಟೆ ಬೆನ್ನಿನಿಂದ ಬಾಯಿಯ ಕಡೆಗೆ,
ಬಾಯಿಯಿಂದ ಬೆನ್ನಿಗೆ ಎಂದೂ ಅಲ್ಲ.
ಆ ವ್ಯಾಕರಣ ನನ್ನ ಎಡ ತೋರುಬೆರಳಿಗೆ ಗೊತ್ತು,
ಗುರುತೂ ಇದೆ.

ಇನ್ನು ನಮ್ಮ ಕಸುಬಿನ ಕಷ್ಟ:
ಉಕ್ಕಿಗೆ ಎಣ್ಣೆ ಬೇಕು, ಕಾಗದಕ್ಕೆ ಎಣ್ಣೆ ವಿಷ.
ಒರೆಸಬೇಕು. ಒರೆಸಿದ್ದನ್ನು ಮತ್ತೆ ಒರೆಸಬೇಕು.
ಕೊನೆಗೆ ರದ್ದಿಯ ತುಂಡಿನ ಮೇಲೆ ಅಲಗು ಮಲಗಿಸಿ
ಹೆಬ್ಬೆರಳಲ್ಲಿ ಒತ್ತಿ, ತುಂಡನ್ನು ಬಲ್ಬಿಗೆ ಹಿಡಿಯಬೇಕು.
ಕಾಗದ ಬೆಳಗಿದರೆ ಇನ್ನೂ ಎಣ್ಣೆಯಿದೆ.
ಬೆಳಗದಿದ್ದರೂ ಇದೆ, ಅನ್ನುತ್ತಿದ್ದರು ದಾಮುಅಣ್ಣಾ,
ಅಷ್ಟೇ ಇರಬೇಕು.

ಹದಿನೇಳು ವರ್ಷ ಆ ಚಾಕು
ಅವರ ಕೈಯಿಂದ ನನ್ನ ಕೈಗೆ ಬಂದದ್ದಿಲ್ಲ.
ಮೇಜಿನ ಮೇಲಿಡುವರು, ನಾನು ಎತ್ತಿಕೊಳ್ಳುವೆ.
ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದಂತೆ.
ಅವರ ತಾಯಿ ಹೇಳಿದ್ದು, ನನ್ನ ಅವ್ವನೂ ಹೇಳಿದ್ದು,
ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರು ಹೆಂಗಸರು.
ಜಗಳವೇನೋ ಆದವು: ಪಗಾರಕ್ಕೆ, ದೀಪಾವಳಿ ಬೋನಸ್ಸಿಗೆ,
ಸುಂಠಣಕರ್ ವಕೀಲರ ಪುಸ್ತಕದ ಬೆನ್ನಿಗೆ
ನಾನು ತಲೆಕೆಳಗಾಗಿ ಹೊಡೆದ ಬಂಗಾರದ ಅಕ್ಷರಕ್ಕೆ.
ಚಾಕುವಿನ ತಪ್ಪಲ್ಲ.

ಈಗ ಅವರ ಬಲಗೈ ನಡುಗುತ್ತದೆ.
ಡಾಕ್ಟರು ಕೊಟ್ಟ ಹೆಸರು ಉದ್ದ;
ಅವರು ಅನ್ನುವುದು, 'ಮಷೀನು ಚಾಲೂ ಆಗಿದೆ.'
ಕತ್ತರಿಸುವುದು ಬಿಟ್ಟು ಎರಡು ವರ್ಷ.
ಶನಿವಾರ ಮಾತ್ರ ಬರುತ್ತಾರೆ, ಎಣ್ಣೆಗೆ.
ಒಂದು ಹನಿ ಬೀಳಿಸಲು ಹೋಗಿ ನಾಲ್ಕು,
ಮೇಜಿಗೆ, ಪೈಜಾಮಕ್ಕೆ, ಒಂದು ಕೀಲಿಗೂ.
ನಾನು ಬೇರೆ ಕಡೆ ನೋಡುತ್ತ
ದಾರವನ್ನು ಮೇಣದ ಮೇಲೆ ಎಳೆಯುತ್ತೇನೆ.

ಕಳೆದ ವಾರ ಒರೆಸಿ, ಮಡಿಚಿ
ಮೇಜಿನ ಮೇಲೆ ಇಡಲಿಲ್ಲ. ನೀಡಿದರು.
ನಾನು ಮೇಜು ನೋಡಿದೆ, ಅವರು ನನ್ನನ್ನು.
'ಮೇಜು ದೂರ ಆಯ್ತು, ನೀಲಾ.'
ಒಂದು ಗೇಣು ದೂರ.
ತಗೊಂಡೆ. ಕೊಂಬಿನ ಹಿಡಿ ಬೆಚ್ಚಗಿತ್ತು;
ಬಿಡುವ ಮೊದಲು ಒಂದು ಗಳಿಗೆ
ಅವರ ನಡುಕ ಚಾಕು ದಾಟಿ ನನ್ನ ಮುಂಗೈಗೆ ಬಂತು.

ಶಟರ್ ಎಳೆಯುವಾಗ ಕಂಡದ್ದು:
ಹೊಸ ರಟ್ಟಿಗೆ ಬಂದಿದ್ದ ಶಾಲೆಯ ಹಳೆ ರಿಜಿಸ್ಟರಿನ ಮೇಲೆ
ಒಂದು ಹನಿ.
ರೂಪಾಯಿಯಗಲ ಕಾಗದ ಗಾಜಾಗಿ
ಕೆಳಗಿನ ಪುಟದ ಒಂದು ಹೆಸರು ಮೇಲೆದ್ದಿದೆ,
ಯಮುನಾ ಸೋಪಾನ, ದಾಖಲು ಜೂನ್ ೧೯೬೧.
ರದ್ದಿ ಇಟ್ಟು ಒತ್ತಿದೆ, ರಂಗೋಲಿ ಪುಡಿ ಉದುರಿಸಿದೆ,
ಸೋಮವಾರ ಶಾಲೆಯವರು ಕೇಳುತ್ತಾರೆ.
ಹುಡುಗಿ ಇನ್ನೂ ಕಾಣುತ್ತಾಳೆ.